ಮೂರನೇ ಮಹಡಿಯ ವಾಲ್ವ್

ಆಗಸ್ಟ್ 19, ಶನಿವಾರ

ಎಂಟಕ್ಕೆ ಬರುತ್ತೇನೆಂದ ಒಚಿರ್ ಹತ್ತಕ್ಕೆ ಬಂದ. ತಮ್ಮನನ್ನು ಕೆಲಸಕ್ಕೆ ಕರೆದರೆ ಇಷ್ಟೇ. ಹೊತ್ತಿಗೆ ಬರುವುದಿಲ್ಲ, ಬಂದರೆ ಉಪ್ಪು ಚಹಾ ಮೂರು ಬಟ್ಟಲು ಇಳಿಯುವ ತನಕ ಪಾನಾ ಮುಟ್ಟುವುದಿಲ್ಲ. ಅಂತೂ ದೊಡ್ಡ ಕೋಣೆಯನ್ನು ಬಿಸಿನೀರಿನಿಂದ ಕಾಯಿಸುವ ಹಳೇ ರೇಡಿಯೇಟರ್ ಗೋಡೆ ಬಿಟ್ಟಿತು. ಬೀಡುಕಬ್ಬಿಣ, ಏಳು ಪಕ್ಕೆ. ಒಳಗೆ ಉಳಿದಿದ್ದ ಕಪ್ಪು ನೀರೆಲ್ಲ ನೆಲಹಾಸಿನ ಮೇಲೆ. ಬೈದೆ. ನಕ್ಕ.

ಹೊಸದು ಬಿಳಿ, ತೆಳ್ಳಗೆ. ಕಿಟಕಿಯ ಕೆಳಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿದೆ. ವಾಲ್ವ್ ಇನ್ನೂ ಚೆಂದ. ತಲೆಯ ಮೇಲೆ ಒಂದರಿಂದ ಐದರ ತನಕ ಅಂಕಿ. ಬೇಕಾದ ಅಂಕಿಗೆ ತಿರುಗಿಸಿಟ್ಟರೆ ಸಾಕು, ಕೋಣೆ ಬೆಚ್ಚಗಾದ ಕೂಡಲೇ ತಾನೇ ಮುಚ್ಚಿಕೊಳ್ಳುತ್ತದೆ, ತಣ್ಣಗಾದರೆ ತಾನೇ ತೆರೆದುಕೊಳ್ಳುತ್ತದೆ. ಇಡೀ ದರ್ಖಾನ್ ಊರಲ್ಲಿ ಜನ ಚಳಿಗಾಲದಲ್ಲಿ ಸೆಕೆಯಾಗಿ ಕಿಟಕಿ ತೆಗೆದು ಮಲಗುತ್ತಾರೆ. ನನಗೆ ಇನ್ನು ಆ ಗತಿ ಇಲ್ಲ.

ಒಂದು ಸಣ್ಣ ಜಗಳ. ಒಂದರ ಮೇಲೊಂದಿರುವ ನಮ್ಮ ಸಾಲಿನ ಐದು ಮನೆಗಳ ದೊಡ್ಡ ಕೋಣೆಗೆ ಬಿಸಿನೀರಿನ ಪೈಪು ಒಂದೇ, ಒಂದನೇ ಮಹಡಿಯಿಂದ ಐದನೆಯದಕ್ಕೆ ನೆಟ್ಟಗೆ. ಪ್ರತಿ ಮನೆಯಲ್ಲೂ ಅದು ಎರಡು ಕೈ ಚಾಚಿ ರೇಡಿಯೇಟರನ್ನು ಹಿಡಿದುಕೊಂಡಿರುತ್ತದೆ. ಆ ಎರಡು ಕೈಗಳ ನಡುವೆ ಗೇಣುದ್ದದ ಒಂದು ಕೊಂಡಿ ಪೈಪು. ತುಕ್ಕು ಹಿಡಿದು, ಹೊಸ ಗೋಡೆಕಾಗದದ ಮುಂದೆ ಅಸಹ್ಯವಾಗಿ ಕಾಣುತ್ತಿತ್ತು. ಕತ್ತರಿಸಿಬಿಡು ಅಂದೆ.

“ಇರ್ಲಿ ಬಿಡಕ್ಕ, ಎಲ್ರ ಮನೇಲೂ ಇದೆ. ಏನೋ ಕಾರಣಕ್ಕೇ ಇಟ್ಟಿರ್ತಾರೆ” ಅಂದ.

“ನಂಗೆ ಫಿಸಿಕ್ಸ್ ಹೇಳ್ಕೊಡೋಕೆ ಬಂದ್ಯಾ? ಅದಿಲ್ದಿದ್ರೆ ನೀರೆಲ್ಲ ರೇಡಿಯೇಟರ್ ಒಳಗೇ ಹೋಗುತ್ತೆ. ಬಿಸಿ ಜಾಸ್ತಿ.”

ಇಪ್ಪತ್ತಾರು ವರ್ಷ ಪಾಠ ಮಾಡಿದವಳ ಮುಂದೆ ಅವನೇನು ಮಾತಾಡುತ್ತಾನೆ. ಕತ್ತರಿಸಿದ. ಈಗ ಗೋಡೆ ಚೊಕ್ಕಟ.

ಕಟ್ಟಡದ ಪ್ಲಂಬರ್ ಮಿಜಿದ್‌ಗೆ ಹೇಳಿಲ್ಲ. ಹೇಳಿದರೆ ಬರುತ್ತಾನೆ, ನಿಯಮ ಹೇಳುತ್ತಾನೆ, ಅರ್ಧ ದಿನ ಕೂರುತ್ತಾನೆ. ರೇಡಿಯೇಟರ್ ಬದಲಿಸುವವರು ಮೊದಲೇ ತಿಳಿಸತಕ್ಕದ್ದು ಅಂತ ಕೆಳಗೆ ಬಾಗಿಲ ಹತ್ತಿರ ನೋಟೀಸು ಇದೆ, ನಿಜ. ನಾನೇ ಬರೆದು ಅಂಟಿಸಿದ್ದು. ನಮ್ಮ ಮೆಟ್ಟಿಲಿನ ಹದಿನೈದು ಮನೆಗೆ ನಾನೇ ಮುಖ್ಯಸ್ಥೆಯಲ್ಲವೇ. ಆದರೆ ಅದು ಮಾಡಲು ತಿಳಿಯದವರಿಗೆ.

ಸೆಪ್ಟೆಂಬರ್ 16

ನಿನ್ನೆ ಪೈಪಿಗೆ ಚಳಿಗಾಲದ ಬಿಸಿನೀರು ಬಿಟ್ಟರು. ಪೈಪೆಲ್ಲ ಗೊರಗೊರ. ಒಳಗೆ ಸಿಕ್ಕಿಕೊಂಡಿದ್ದ ಗಾಳಿ ತೆಗೆದೆ. ವಾಲ್ವ್ ಮೂರಕ್ಕೆ ಇಟ್ಟಿದ್ದೇನೆ. ಸಂಜೆ ಶಾಲೆಯಿಂದ ಬಂದರೆ ಕೋಣೆ ಹದವಾಗಿ, ಒಲೆಯ ಪಕ್ಕ ಕೂತ ಹಾಗೆ. ರಸಾಯನಶಾಸ್ತ್ರದ ಟೀಚರು ನೋಡಿ ಹೊಟ್ಟೆ ಉರಿದುಕೊಂಡು ಹೋದಳು. ಸಂತೋಷ.

ಅಕ್ಟೋಬರ್ 28

ಉತ್ತರ ಪತ್ರಿಕೆ. ಮೂವತ್ತೆಂಟು. ಬೇರೇನಿಲ್ಲ.

ನವೆಂಬರ್ 21

ಮೈನಸ್ ಇಪ್ಪತ್ತೇಳು.

ಕೆಳಗಿನ ಮನೆಯ ದುಲ್ಮಾ ಅಜ್ಜಿ ಬೆಳಿಗ್ಗೆ ಬಾಗಿಲು ತಟ್ಟಿದರು. ಎಂಬತ್ತೊಂದು ವಯಸ್ಸು, ಒಂದೇ ಕೋಣೆಯ ಮನೆ, ಒಬ್ಬರೇ. ಒಂದು ವಾರದಿಂದ ರೇಡಿಯೇಟರ್ ಬರೀ ಉಗುರುಬೆಚ್ಚಗಂತೆ. ಒಮ್ಮೊಮ್ಮೆ ಅದೂ ಇಲ್ಲವಂತೆ. ಹೋಗಿ ಮುಟ್ಟಿ ನೋಡಿದೆ. ಹೌದು, ತಣ್ಣಗೆ. ಅಜ್ಜಿ ಅಡಿಗೆಮನೆಯಲ್ಲಿ ಕಾಲು ಮಡಚಿಕೊಂಡು ಮಲಗುತ್ತಾರೆ, ಅಲ್ಲಿಯ ಪೈಪು ಬೇರೆ, ಅದು ಬಿಸಿ. ಐದನೇ ಮಹಡಿಯ ಗಂಡಹೆಂಡತಿಯನ್ನು ಕೇಳಿದೆ. ಅವರದ್ದೂ ಇದೇ ಗೋಳು, ಮಗುವಿಗೆ ಮೂಗು ಸೋರುತ್ತಿದೆ.

ಮೇಲೆ ಬಂದು ನನ್ನದನ್ನೂ ಮುಟ್ಟಿದೆ. ನನ್ನದೂ ತಣ್ಣಗೆ. ಕೋಣೆ ಬೆಚ್ಚಗಿರುವುದು ಹೋದ ತಿಂಗಳು ಹಾಕಿಸಿದ ಹೊಸ ಕಿಟಕಿಯ ಪುಣ್ಯ. ಅಂದರೆ ನಮ್ಮ ಸಾಲಿಗೇ ಏನೋ ಆಗಿದೆ. ಬಿಡುವವಳಲ್ಲ ನಾನು.

ನವೆಂಬರ್ 26

ಯೋಚಿಸಿದೆ. ನಾಲ್ಕನೇ ಮಹಡಿ. ದಂಬಾ.

ನನ್ನ ತಲೆಯ ಮೇಲೇ ಇದ್ದಾನೆ. ಹಿಟ್ಟಿನ ಗಿರಣಿಯಲ್ಲಿ ವೆಲ್ಡರ್ ಆಗಿದ್ದವ. ಹೆಂಡತಿ ಸತ್ತ ಮೇಲೆ ಆರು ವರ್ಷ ಕುಡಿದ. ಆಗ ರೇಡಿಯೇಟರ್ ಪೈಪಿಗೆ ತಾನೇ ನಲ್ಲಿ ಬೆಸೆದು ಅದರ ಬಿಸಿನೀರಲ್ಲಿ ಬಟ್ಟೆ ಒಗೆಯುತ್ತಿದ್ದ. ಒಂದು ದಿನ ನಲ್ಲಿ ಮುಚ್ಚುವುದು ಮರೆತು ನನ್ನ ಛಾವಣಿಯೆಲ್ಲ ನೆನೆಸಿದ. ಕಲೆ ಈಗಲೂ ಇದೆ. ಮಿಜಿದ್ ಆ ನಲ್ಲಿ ಕಿತ್ತು ಹಾಕಿದ್ದ. ಈಗ ಕುಡಿಯುವುದಿಲ್ಲ ಅನ್ನುತ್ತಾರೆ ಜನ. ಬುದ್ಧಿ ಅಷ್ಟು ಬೇಗ ಬದಲಾಗುತ್ತದೆಯೇ? ಪೈಪಿನ ಬಿಸಿನೀರು ಅವನು ಸೋರಿಸಿಕೊಂಡರೆ ನಮಗೆ ಏನು ಉಳಿಯುತ್ತದೆ?

ನಿನ್ನೆ ಮೇಲೆ ನೀರು ಹರಿಯುವ ಸದ್ದು ಕೇಳಿದೆ ಅನ್ನಿಸುತ್ತದೆ.

ನವೆಂಬರ್ 30

ಮೆಟ್ಟಿಲ ಮೇಲೆ ಸಭೆ. ಎಲ್ಲರೂ ಕೋಟು ಹಾಕಿಕೊಂಡೇ ನಿಂತಿದ್ದರು. ನಾನೇ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ. ಒಬ್ಬರ ಸ್ವಾರ್ಥಕ್ಕೆ ಎಂಬತ್ತು ದಾಟಿದ ಅಜ್ಜಿ ಚಳಿಯಲ್ಲಿ ನಡುಗಬೇಕೇ ಅಂತ ಕೇಳಿದೆ. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಎಲ್ಲರೂ ಒಟ್ಟಿಗೆ ದಂಬಾ ಕಡೆ ತಿರುಗಿದರು.

ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ನಾನು ಮುಟ್ಟಿಲ್ಲ ಟೀಚರ್. ನನ್ ಮನೇನೂ ತಣ್ಣಗೇ ಇದೆ.”

“ಮೊದಲ್ನೇ ಸಲಾನೂ ಹೀಗೇ ಅಂದಿದ್ರಿ” ಅಂದೆ. ಯಾರೋ ನಕ್ಕರು.

ಮಿಜಿದ್ ಮೇಲೆ ಹೋಗಿ ನೋಡಿ ಬಂದ. ನಲ್ಲಿ ಕಾಣಲಿಲ್ಲವಂತೆ. ಬೆಸೆಯಲು ಬಲ್ಲವನಿಗೆ ಬಿಚ್ಚಲು ಬರುವುದಿಲ್ಲವೇ ಅಂತ ಕೇಳಿದೆ. ಮಿಜಿದ್ ತಲೆ ಕೆರೆದುಕೊಂಡ. ಕೊನೆಗೆ ನಾನು ಹೇಳಿದ್ದೇ ತೀರ್ಮಾನವಾಯಿತು: ದಂಬಾನ ದೊಡ್ಡ ಕೋಣೆಯ ರೇಡಿಯೇಟರ್ ತೆಗೆದುಹಾಕಿ, ಪೈಪು ನೆಟ್ಟಗೆ ಮಾಡಿ, ಅವನ ಕೈಗೆ ಏನೂ ಸಿಗದ ಹಾಗೆ ಮಾಡುವುದು. ಹದಿನಾಲ್ಕು ಮನೆಯ ಸಹಿ. ಮೊದಲ ಸಹಿ ನನ್ನದು.

ಡಿಸೆಂಬರ್ 9

ಕೆಲಸ ಮುಗಿಯಿತು. ಮಿಜಿದ್ ಎರಡು ತಾಸು ನೆಲಮಾಳಿಗೆಯಲ್ಲಿ ನೀರು ನಿಲ್ಲಿಸಿ, ದಂಬಾ ಮನೆಯ ರೇಡಿಯೇಟರ್ ಕಿತ್ತು, ನೇರ ಪೈಪು ಹಾಕಿದ. ನಾನು ಬಾಗಿಲಲ್ಲಿ ನಿಂತು ನೋಡಿದೆ, ಮುಖ್ಯಸ್ಥೆ ಇರಲೇಬೇಕಲ್ಲ. ದಂಬಾ ತಾನೇ ಒಂದು ತುದಿ ಹಿಡಿದು ಅದನ್ನು ಹೊರಗೆ ಸಾಗಿಸಲು ಸಹಾಯ ಮಾಡಿದ. ಖಾಲಿ ಗೋಡೆಯ ಮೇಲೆ ರೇಡಿಯೇಟರ್ ಆಕಾರದಲ್ಲಿ ಹಳೇ ಬಣ್ಣ ಉಳಿದಿತ್ತು.

ಬೆಸೆದ ವಾಸನೆ ನನ್ನ ಮನೆಗೂ ಇಳಿದಿತ್ತು. ಕಿಟಕಿ ತೆಗೆದಿಟ್ಟು ಅಂಗಡಿಗೆ ಹೋದೆ. ಬರುವಷ್ಟರಲ್ಲಿ ದುಲ್ಮಾ ಅಜ್ಜಿ ಮೆಟ್ಟಿಲ ಮೇಲೆ ಕಾಯುತ್ತಿದ್ದರು. ಬಿಸಿ ಬಂತು ಮಗಳೇ, ಕೈ ಇಡಲಾಗುವುದಿಲ್ಲ ಅಂತ ಹೇಳಿ ನನ್ನ ಎರಡೂ ಕೆನ್ನೆ ಮುಟ್ಟಿದರು. ಹಿಟ್ಟು ಕಲಸಿ ಎಣ್ಣೆಯಲ್ಲಿ ಕರಿದ ಬಿಸಿ ಬೂರ್ತ್ಸೊಗ್ ಒಂದು ತಟ್ಟೆ ಕೊಟ್ಟರು. ತಿಂದೆ. ಹೆಮ್ಮೆಯಿಂದಲೇ ತಿಂದೆ.

ಡಿಸೆಂಬರ್ 12

ಮತ್ತೆ ತಣ್ಣಗೆ. ಅಜ್ಜಿಗೆ ಕೆಮ್ಮು. ಇದೇನಪ್ಪಾ ಇದು.

ಡಿಸೆಂಬರ್ 14, ಗುರುವಾರ

ಹೇಗೆ ಬರೆಯಲಿ.

ಎಂಟನೇ ತರಗತಿ. ವಿದ್ಯುತ್ ಪಾಠ. ಒಂದೇ ತಂತಿಯಲ್ಲಿ ಸಾಲಾಗಿ ಐದು ಬಲ್ಬು ಬರೆದೆ. ಮಧ್ಯದ್ದರ ಪಕ್ಕ ಸ್ವಿಚ್ ಬರೆದು, ಇದನ್ನು ಆರಿಸಿದರೆ ಏನಾಗುತ್ತದೆ ಅಂತ ಕೇಳಿದೆ. ಎಲ್ಲವೂ ಆರುತ್ತವೆ ಅಂದರು ಮಕ್ಕಳು. ಹಾಗಾಗದಿರಲು ಏನು ಮಾಡಬೇಕು? ನಾನೇ ಬರೆದು ತೋರಿಸಿದೆ: ಆ ಬಲ್ಬು, ಸ್ವಿಚ್ ಎರಡನ್ನೂ ಬಳಸಿ ಹೋಗುವ, ರೋಧವುಳ್ಳ ಇನ್ನೊಂದು ಸಣ್ಣ ತಂತಿ, ಕೊಂಡಿಯ ಹಾಗೆ. ಬಲ್ಬು ಆರಿದರೂ ವಿದ್ಯುತ್ ಆ ಕೊಂಡಿಯಲ್ಲಿ ಹಾದು ಮುಂದಿನ ಬಲ್ಬಿಗೆ ಹೋಗುತ್ತದೆ.

ಸೀಮೆಸುಣ್ಣ ಬೋರ್ಡಿನ ಮೇಲೇ ನಿಂತುಬಿಟ್ಟಿತು. ಐದು ಬಲ್ಬು. ಐದು ಮಹಡಿ. ಮೂರನೆಯದು ನಾನು. ಕೊಂಡಿ —

ಮಕ್ಕಳಿಗೆ ಓದಿಕೊಳ್ಳಲು ಹೇಳಿ ಕೂತೆ.

ಸಂಜೆ

ಪರೀಕ್ಷೆ ಮಾಡಿದೆ. ಟೀಚರಲ್ಲವೇ. ವಾಲ್ವ್ ಪೂರ್ತಿ ತೆರೆದು, ಕುದಿಸಿದ ಚಹಾ ಹಿಡಿದುಕೊಂಡು ಅಜ್ಜಿಯ ಮನೆಗೆ ಹೋದೆ. ಹತ್ತು ನಿಮಿಷಕ್ಕೆ ಅವರ ಪೈಪು ಸುಡತೊಡಗಿತು. ಏನೋ ಮರೆತೆನೆಂದು ಮೇಲೆ ಬಂದು ಪೂರ್ತಿ ಮುಚ್ಚಿದೆ. ಮತ್ತೆ ಕೆಳಗೆ. ಅಜ್ಜಿ ಕೆಮ್ಮುತ್ತ ಮೊಮ್ಮಗಳ ಮದುವೆಯ ಕಥೆ ಹೇಳುತ್ತಿದ್ದರು. ನಾನು ಬೆನ್ನ ಹಿಂದೆ ಪೈಪಿನ ಮೇಲೆ ಕೈ ಇಟ್ಟುಕೊಂಡು ಹೂಂ ಅನ್ನುತ್ತಿದ್ದೆ. ಮುಕ್ಕಾಲು ತಾಸಿನಲ್ಲಿ ನನ್ನ ಕೈಯಡಿಯಲ್ಲೇ ಅದು ತಣ್ಣಗಾಯಿತು.

ನನ್ನ ಕೋಣೆ ಬೆಚ್ಚಗಾದಾಗಲೆಲ್ಲ ನನ್ನ ಚೆಂದದ ವಾಲ್ವ್ ಮುಚ್ಚಿಕೊಂಡಿದೆ. ಕೊಂಡಿ ಇಲ್ಲದ್ದರಿಂದ ನೀರಿಗೆ ಬೇರೆ ದಾರಿಯಿಲ್ಲ. ಐದೂ ಮನೆಗೆ ನಿಂತಿದೆ. ನನ್ನ ರೇಡಿಯೇಟರ್ ತಣ್ಣಗಿದ್ದದ್ದು ನನ್ನ ಕೋಣೆಗೆ ಸಾಕಾಗಿದ್ದರಿಂದ. ಕಿಟಕಿ ತೆಗೆದಿಟ್ಟು ಹೋದ ದಿನ ಎಲ್ಲರಿಗೂ ಬಿಸಿ ಬಂದದ್ದು ನನ್ನ ಕೋಣೆ ತಣ್ಣಗಾಗಿ ವಾಲ್ವ್ ತೆರೆದುಕೊಂಡಿದ್ದರಿಂದ. ಅದಕ್ಕೆ ಬೂರ್ತ್ಸೊಗ್ ತಿಂದೆ ನಾನು.

ಒಚಿರ್ ಹೇಳಿದ್ದ. ಏನೋ ಕಾರಣಕ್ಕೇ ಇಟ್ಟಿರ್ತಾರೆ ಅಂದಿದ್ದ. ಶಾಲೆಯ ಮಕ್ಕಳಿಗೆ ಗೊತ್ತಾಗುವುದು ನನಗೆ ಗೊತ್ತಾಗಲಿಲ್ಲ. ನಾಚಿಕೆಯಿಂದ ಮೈಯೆಲ್ಲ ಹಿಡಿಯಷ್ಟಾಗಿದೆ.

ನಾಳೆ ಹೇಳುತ್ತೇನೆ.

ಡಿಸೆಂಬರ್ 15

ಹೇಳಲಿಲ್ಲ. ಬೆಳಿಗ್ಗೆ ವಾಲ್ವಿನ ತಲೆ ಬಿಚ್ಚಿ ಡ್ರಾಯರ್‌ನಲ್ಲಿ ಹಾಕಿದೆ. ಈಗ ಅದು ಯಾವಾಗಲೂ ತೆರೆದೇ ಇರುತ್ತದೆ. ಎಲ್ಲರಿಗೂ ಬಿಸಿ. ಮೊದಲು ಬಿಸಿ ಬರಲಿ, ಹೇಳುವುದು ಆಮೇಲೆ ಅಂದುಕೊಂಡೆ.

ಡಿಸೆಂಬರ್ 18

ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿದರು. ನ್ಯುಮೋನಿಯಾ. ಸ್ಟ್ರೆಚರ್ ನಮ್ಮ ಮೆಟ್ಟಿಲಲ್ಲಿ ತಿರುಗುವುದಿಲ್ಲ, ಕಂಬಳಿಯಲ್ಲಿ ಸುತ್ತಿ ಇಳಿಸಿದರು. ಇಳಿಸಿದವರಲ್ಲಿ ದಂಬಾ ಒಬ್ಬ. ನಾನು ಅಜ್ಜಿಯ ಚೀಲ ಹಿಡಿದುಕೊಂಡಿದ್ದೆ.

ಐದನೇ ಮಹಡಿಯ ಹುಡುಗಿ, ಮೂಗು ಸೋರುತ್ತಿದ್ದ ಮಗುವಿನ ತಾಯಿ, ಕೆಳಗೆ ನನ್ನ ಕೈ ಹಿಡಿದಳು. ಈಗ ನಾಲ್ಕು ದಿನದಿಂದ ಮನೆ ಬಿಸಿ ಇದೆಯಂತೆ. “ನೀವು ಗಟ್ಟಿ ನಿಂತಿದ್ದಕ್ಕೆ ಆಯ್ತು ಟೀಚರ್. ಅವನದ್ದು ಕಿತ್ತು ಹಾಕ್ಸಿದ್ದು ಒಳ್ಳೇದಾಯ್ತು. ಸ್ವಲ್ಪ ದಿನ ಹಿಡೀತು ಅಷ್ಟೇ.”

ದಂಬಾ ಎರಡು ಮೆಟ್ಟಿಲು ಮೇಲೇ ಇದ್ದ. ಕೇಳಿಸಿಕೊಂಡ. ನಾನು ಚೀಲದ ಜಿಪ್ಪು ಹಾಕಿದೆ, ತೆಗೆದೆ, ಹಾಕಿದೆ.

ನಾನು ಗುಟ್ಟಾಗಿ ಸರಿಮಾಡಿದ್ದೇ ಅವನ ಮೇಲಿನ ಆರೋಪಕ್ಕೆ ಸಾಕ್ಷಿಯಾಯಿತು. ಇದನ್ನು ಯೋಚಿಸಿರಲಿಲ್ಲ. ಯೋಚಿಸಿದ್ದರೆ? ಗೊತ್ತಿಲ್ಲ. ಬಹುಶಃ ಆಗಲೂ ಬಿಚ್ಚಿ ಡ್ರಾಯರ್‌ನಲ್ಲೇ ಹಾಕುತ್ತಿದ್ದೆ.

ಡಿಸೆಂಬರ್ 31

ಶಾಲೆಯಲ್ಲಿ ಪಾರ್ಟಿ. ವರ್ಷದ ಉತ್ತಮ ಮುಖ್ಯಸ್ಥೆಯರ ಪಟ್ಟಿಯಲ್ಲಿ ನಮ್ಮ ಕಟ್ಟಡದಿಂದ ನನ್ನ ಹೆಸರು ಹೋಗಿದೆಯಂತೆ. ಬೇಡ ಅಂದೆ. ವಿನಯ ಅಂದುಕೊಂಡರು.

ಜನವರಿ 13

ಇಷ್ಟು ದಿನ ಬರೆಯಲಿಲ್ಲ. ಈ ಪುಸ್ತಕ ತೆರೆದರೆ ಡಿಸೆಂಬರ್ ಹದಿನಾಲ್ಕು ಎದುರಿಗೆ ಬರುತ್ತದೆ.

ಮೈನಸ್ ಮೂವತ್ತನಾಲ್ಕು. ಮನೆಯೊಳಗೆ ಬೇಯುತ್ತಿದೆ. ಕಿಟಕಿ ತೆಗೆದು ಕೂತಿದ್ದೇನೆ. ದಂಬಾ ಅವರು — ಹೌದು, ಅವರು. ನನಗಿಂತ ಹತ್ತು ವರ್ಷ ದೊಡ್ಡವರನ್ನು ಇಲ್ಲಿ ಏಕವಚನದಲ್ಲಿ ಬರೆದಿಟ್ಟಿದ್ದೇನೆ, ಯಾರು ಓದುತ್ತಾರೆ ಅಂತ — ಅವರು ಅಡಿಗೆಮನೆಯಲ್ಲಿ ಮಲಗುತ್ತಾರೆ. ರಾತ್ರಿಯಾದರೆ ನನ್ನ ಅಡಿಗೆಮನೆಯ ಮೇಲೆ ಹಾಸಿಗೆ ಎಳೆಯುವ ಸದ್ದು. ದೊಡ್ಡ ಕೋಣೆಯ ಮೇಲೆ ಹೆಜ್ಜೆಯೇ ಇಲ್ಲ. ಅಲ್ಲಿ ಬೋಗುಣಿಯ ನೀರು ಹೆಪ್ಪುಗಟ್ಟುತ್ತದೆ ಅಂತ ಮಿಜಿದ್ ಯಾರಿಗೋ ಹೇಳುತ್ತಿದ್ದ. ಸ್ವಲ್ಪ ನಗುತ್ತಲೇ ಹೇಳುತ್ತಿದ್ದ.

ಮೆಟ್ಟಿಲಲ್ಲಿ ಸಿಕ್ಕಿದರೆ ಅವರೇ ಮೊದಲು ನಮಸ್ಕಾರ ಹೇಳುತ್ತಾರೆ. ಗೋಡೆಗೆ ಒತ್ತಿಕೊಂಡು ನನಗೆ ದಾರಿ ಬಿಡುತ್ತಾರೆ.

ಜನವರಿ 20

ಮೂರನೇ ಸಲ ಆಸ್ಪತ್ರೆಗೆ ಹೋದೆ. ಅಜ್ಜಿ ಸುಧಾರಿಸಿದ್ದಾರೆ, ದನಿ ಮಾತ್ರ ಹೋಗಿದೆ. ಇವತ್ತು ಹೇಳಿಬಿಡಬೇಕು ಅಂತ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದೆ. ಒಳಗೆ ಕಾಲಿಟ್ಟರೆ ದಂಬಾ ಅವರು. ಫ್ಲಾಸ್ಕಿನಿಂದ ಕುರಿ ಸಾರು ಬಟ್ಟಲಿಗೆ ಬಗ್ಗಿಸುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತು ಕುರ್ಚಿ ಬಿಟ್ಟುಕೊಟ್ಟರು.

ವಾಪಸ್ಸು ಒಂದೇ ಬಸ್ಸು. ಪಕ್ಕದಲ್ಲೇ ಸೀಟು. ದಂಬಾ ಅವರು ಗಾಜಿನ ಮೇಲಿನ ಹಿಮ ಉಗುರಿನಿಂದ ಕೆರೆಯುತ್ತಿದ್ದರು. ಆಮೇಲೆ ಹೇಳಿದರು —

“ಅಜ್ಜಿ ಹತ್ರ ತಪ್ಪಾಯ್ತು ಅಂತ ಕೇಳ್ಕೊಂಡೆ ಟೀಚರ್. ನಿಮ್ಮ ಹತ್ರಾನೂ ಕೇಳ್ಬೇಕು.”

ಯಾವ ತಪ್ಪು ಅಂತ ಕೇಳಿದೆ. ದನಿ ನನ್ನದೋ ಅಲ್ಲವೋ.

“ಆ ಆರು ವರ್ಷ ನಂಗೆ ಸರಿಯಾಗಿ ನೆನಪಿಲ್ಲ. ಏನೇನ್ ಬೆಸ್ದೆ, ಎಲ್ಲೆಲ್ಲಿ ಬೆಸ್ದೆ, ಒಂದೂ ಗೊತ್ತಿಲ್ಲ. ಗೋಡೆ ಒಳಗೆ ಏನೋ ಮಾಡಿಟ್ಟಿರ್ಬೇಕು. ಮೊದ್ಲು ನಾನಲ್ಲ ಅಂತಿದ್ದೆ. ಆದ್ರೆ ನನ್ ರೇಡಿಯೇಟರ್ ತೆಗೆದ್ಮೇಲೆ ಎಲ್ಲಾ ಸರಿಹೋಯ್ತಲ್ಲ. ಅಂದ್ಮೇಲೆ ನಂದೇ.”

ನನ್ನ ನಿಲ್ದಾಣ ಬಂತು. ಅವರದೂ ಅದೇ. ಅಂಗಡಿಗೆ ಹೋಗಬೇಕೆಂದು ಸುಳ್ಳು ಹೇಳಿ ಮುಂದಿನ ನಿಲ್ದಾಣದ ತನಕ ಹೋದೆ. ನಡೆದು ವಾಪಸ್ಸು ಬಂದೆ. ಅಳುತ್ತ ನಡೆದರೆ ಈ ಚಳಿಯಲ್ಲಿ ರೆಪ್ಪೆ ಅಂಟಿಕೊಳ್ಳುತ್ತವೆ. ಬೆರಳಿನಿಂದ ಬಿಡಿಸಿಕೊಂಡು ಬಿಡಿಸಿಕೊಂಡು ನಡೆದೆ. ಥೂ ನನ್ನ ಜನ್ಮಕ್ಕೆ.

ಅವರ ಮನೆಯ ಬಿಸಿ ಕಿತ್ತುಕೊಂಡದ್ದು ಒಂದು. ಈಗ ಅವರಿಗೆ ತಮ್ಮ ಮೇಲಿದ್ದ ನಂಬಿಕೆಯನ್ನೂ ಕಿತ್ತುಕೊಂಡಿದ್ದೇನೆ.

ಜನವರಿ 21

ಮಿಜಿದ್‌ನನ್ನು ಕರೆದೆ. ರೇಡಿಯೇಟರ್ ತೋರಿಸಿದೆ. ಕೊಂಡಿ ಇಲ್ಲದ್ದನ್ನು ಅವನು ಒಂದೇ ನೋಟಕ್ಕೆ ಕಂಡ. ಬಹಳ ಹೊತ್ತು ಪೈಪನ್ನೇ ನೋಡಿದ. ಅವನ ಮುಖದಲ್ಲಿ ಲೆಕ್ಕ ನಡೆಯುತ್ತಿದ್ದದ್ದು ನನಗೆ ಕಂಡಿತು: ನಾಲ್ಕನೇ ಮಹಡಿಯನ್ನು ನೋಡಿದವನು ಮೂರನೆಯದನ್ನು ಯಾಕೆ ನೋಡಲಿಲ್ಲ ಅಂತ ಜನ ಕೇಳುತ್ತಾರೆ.

“ಈಗ ಬಿಸಿ ಬರ್ತಿದೆ ಅಲ್ವಾ ಟೀಚರಮ್ಮ” ಅಂದ. “ಬೇಸಿಗೇಲಿ ನೀರು ನಿಲ್ಸಿದಾಗ ನಾನೇ ಬಂದು ಕೊಂಡಿ ಹಾಕ್ಕೊಡ್ತೀನಿ, ಯಾರಿಗೂ ಗೊತ್ತಾಗಲ್ಲ. ದಂಬಾದೂ ಆಗ್ಲೇ ವಾಪಸ್ ಹಾಕಿದ್ರಾಯ್ತು. ಮುಖ್ಯಸ್ಥೆ ಕರುಣೆ ತೋರ್ಸಿದ್ರು ಅಂತ ಹೇಳೋಣ.”

ಕರುಣೆ. ನಾನು.

ಒಂದು ಕ್ಷಣ ಒಪ್ಪಿಕೊಂಡಿದ್ದೆ. ಸುಳ್ಳು ಬರೆಯುವುದಿಲ್ಲ, ಇಲ್ಲಾದರೂ. ಚಹಾ ಕೊಟ್ಟು ಕಳಿಸಿದೆ. ಹೋಗುವಾಗ ಒಳ್ಳೆಯ ಸ್ನೇಹಿತರ ಹಾಗೆ ಕಣ್ಣು ಮಿಟುಕಿಸಿದ.

ಫೆಬ್ರವರಿ 3

ಅಜ್ಜಿ ಮನೆಗೆ ಬಂದರು. ಚಾಂದ್ರಮಾನ ಹೊಸ ವರ್ಷದ ಬಿಳಿ ತಿಂಗಳ ಹಬ್ಬಕ್ಕೆ ಒಂದೇ ವಾರ. ಎಲ್ಲರ ಬಾಲ್ಕನಿಯಲ್ಲೂ ಹಲಗೆ ತುಂಬ ಬೂಜ್, ಮಾಂಸ ತುಂಬಿದ ಕಡುಬುಗಳು ಚಳಿಗೆ ಕಲ್ಲಾಗುತ್ತಿವೆ. ನಾನು ಇನ್ನೂ ಹಿಟ್ಟೇ ಕಲಸಿಲ್ಲ.

ಹಳೇ ವರ್ಷದ ಜಗಳ, ಮುನಿಸು ಹೊಸ ವರ್ಷಕ್ಕೆ ದಾಟಿಸಬಾರದು. ಚಿಕ್ಕಂದಿನಿಂದ ಕೇಳಿದ ಮಾತು. ದಂಬಾ ಅವರು ತಮ್ಮ ಪಾಲಿನದನ್ನು ಬಸ್ಸಿನಲ್ಲೇ ಮುಗಿಸಿಬಿಟ್ಟರು. ಮಾಡದ ತಪ್ಪಿಗೆ.

ಫೆಬ್ರವರಿ 7

ಹೇಳಿದೆ.

ಅಜ್ಜಿಯ ಮನೆಯಲ್ಲಿ ಸಂಜೆ ಎಲ್ಲರೂ ಸೇರಿ ಬೂಜ್ ಮಡಚುತ್ತಿದ್ದರು. ಅಜ್ಜಿಗೆ ಕೈಲಾಗುವುದಿಲ್ಲವೆಂದು ಇಡೀ ಸಾಲಿನವರೇ ಬಂದಿದ್ದರು. ಮೂಲೆಯಲ್ಲಿ ದಂಬಾ ಅವರು ಮಾಂಸ ಕೊಚ್ಚುತ್ತಿದ್ದರು. ಕರೆದದ್ದು ಅಜ್ಜಿ, ಅದಕ್ಕೇ ಯಾರೂ ಬೇಡ ಅನ್ನಲಿಲ್ಲ. ಮಿಜಿದ್ ಕೂಡ ಇದ್ದ, ತಿನ್ನಲು.

ನಾನು ಕೋಟು ಬಿಚ್ಚಲಿಲ್ಲ. ಬಿಚ್ಚಿದರೆ ಕೂರುತ್ತೇನೆ, ಕೂತರೆ ಹೇಳುವುದಿಲ್ಲ ಅಂತ ಗೊತ್ತಿತ್ತು. ನಿಂತೇ ಹೇಳಿದೆ. ಕೊಂಡಿ ಕತ್ತರಿಸಿದ್ದು, ವಾಲ್ವ್, ಅದು ಮುಚ್ಚಿದರೆ ಎಲ್ಲರಿಗೂ ನಿಲ್ಲುವುದು, ಡಿಸೆಂಬರ್ ಹದಿನಾಲ್ಕರಿಂದ ನನಗೆ ಗೊತ್ತಿದ್ದದ್ದು. ದಂಬಾ ಅವರ ತಪ್ಪು ಒಂದೂ ಇಲ್ಲ ಅಂತ ಎರಡು ಸಲ ಹೇಳಿದೆ.

ಐದನೇ ಮಹಡಿಯ ಹುಡುಗಿಯ ಕಣ್ಣು ತುಂಬಿತು.

“ಎಷ್ಟು ದೊಡ್ಡ ಮನಸ್ಸು ಟೀಚರ್ ನಿಮ್ದು” ಅಂದಳು. “ಹಬ್ಬದ ದಿನ ಅವ್ರು ತಲೆ ತಗ್ಗಿಸ್ಬಾರ್ದು ಅಂತ ನಿಮ್ಮ ಮೇಲೆ ಹಾಕ್ಕೊಳ್ತಿದೀರ.”

ಅಲ್ಲ ಅಂದೆ. ನಿಜ ಅಂದೆ. ಮಿಜಿದ್‌ಗೆ ಗೊತ್ತು, ಕೇಳಿ ಅಂದೆ. ಮಿಜಿದ್ ಕಡುಬಿನ ಅಂಚು ಒತ್ತುತ್ತ, ಒಂದು ಕೊಂಡಿ ಇದ್ದರೇನು ಇಲ್ಲದಿದ್ದರೇನು, ಟೀಚರಮ್ಮ ಯಾವಾಗಲೂ ದೊಡ್ಡ ಮಾತು ಆಡುತ್ತಾರೆ ಅಂದ. ಒಬ್ಬೊಬ್ಬರಾಗಿ ತಲೆಯಾಡಿಸಿದರು. ಯಾರೋ ನನಗೆ ಚಹಾ ಬಗ್ಗಿಸಿದರು. ದಂಬಾ ಅವರು ಕತ್ತಿ ಕೆಳಗಿಟ್ಟು, ಮಾಂಸದ ಕೈ ಒರೆಸಿಕೊಂಡು, ನನ್ನ ಮುಂದೆ ಬಂದು ಬಗ್ಗಿದರು.

“ಬೇಡ ಟೀಚರ್. ನನಗೋಸ್ಕರ ನೀವು ಸುಳ್ಳು ಹೇಳ್ಬಾರ್ದು.”

ಕಣ್ಣಲ್ಲಿ ನೀರಿತ್ತು. ನನ್ನನ್ನು ಅವರು ಪೂಜೆಗೆ ಇಟ್ಟ ದೇವರ ಹಾಗೆ ನೋಡುತ್ತಿದ್ದರು. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ತಪ್ಪು ಒಪ್ಪಿಕೊಂಡರೆ ಬೈಯುತ್ತಾರೆ, ಉಗಿಯುತ್ತಾರೆ ಅಂತ ಎರಡು ತಿಂಗಳು ಹೆದರಿದ್ದೆ. ಹೊಗಳುತ್ತಾರೆ ಅಂತ ಹೆದರಿರಲಿಲ್ಲ.

ಅಜ್ಜಿ ಮಾತ್ರ ಸುಮ್ಮನೆ ನನ್ನ ಮುಖ ನೋಡುತ್ತಿದ್ದರು.

ಫೆಬ್ರವರಿ 8

ನಿದ್ದೆ ಇಲ್ಲ. ಬೆಳಿಗ್ಗೆ ಬಾಗಿಲಲ್ಲಿ ಇನ್ನೊಂದು ತಟ್ಟೆ ಬೂರ್ತ್ಸೊಗ್. ಐದನೇ ಮಹಡಿಯವಳದ್ದು. ಮುಟ್ಟಲಿಲ್ಲ.

ಸುಮ್ಮನಿದ್ದುಬಿಡಬಹುದು. ಹೇಳಿದ್ದಾಗಿದೆ. ನಂಬದಿದ್ದರೆ ನಾನೇನು ಮಾಡಲಿ ಅನ್ನಬಹುದು. ಎಷ್ಟು ಸಲೀಸಾಗಿ ಹೊಳೆಯುತ್ತವೆ ನನಗೆ ಇಂಥವು.

ಮಧ್ಯಾಹ್ನ ಅಜ್ಜಿಯ ಮನೆಗೆ ಹೋದೆ. ನಾಳೆ ಬೆಳಿಗ್ಗೆ ನಿಮ್ಮ ರೇಡಿಯೇಟರ್ ತಣ್ಣಗೆ ಮಾಡಿ ತೋರಿಸುತ್ತೇನೆ, ನಂಬಿಸಲು ಬೇರೆ ದಾರಿ ಇಲ್ಲ ಅಂದೆ. ನಿಮ್ಮ ಎದೆ ಇನ್ನೂ ಸರಿಯಾಗಿಲ್ಲ, ಅಷ್ಟು ಹೊತ್ತು ಬೇರೆ ಯಾರ ಮನೆಯಲ್ಲಾದರೂ ಇರಿ ಅಂತಲೂ ಅಂದೆ.

ಅಜ್ಜಿಗೆ ದನಿ ಇನ್ನೂ ಪೂರ್ತಿ ಬಂದಿಲ್ಲ. ಪಿಸುಗುಟ್ಟಿದರು. “ನಾನೆಲ್ಲೂ ಹೋಗಲ್ಲ ಕಣೇ. ನಾನೇ ಕೈ ಇಟ್ಕೊಂಡು ಕೂತ್ಕೋತೀನಿ. ನಾನು ಹೇಳಿದ್ರೆ ಅವರು ನಂಬ್ತಾರೆ.”

ಕ್ಷಮಿಸಿದೆ ಅನ್ನಲಿಲ್ಲ. ನಾನು ಕೇಳಲೂ ಇಲ್ಲ.

ಫೆಬ್ರವರಿ 9, ವರ್ಷದ ಕೊನೇ ದಿನ, ಬೆಳಿಗ್ಗೆ 10.20

ವಾಲ್ವಿನ ತಲೆ ಮತ್ತೆ ಹಾಕಿದೆ. ಸೊನ್ನೆಗೆ ತಿರುಗಿಸಿದೆ. ಮುಚ್ಚಿದ ಸದ್ದು ಕೂಡ ಬರಲಿಲ್ಲ.

ಎಲ್ಲರನ್ನೂ ಮೊದಲು ಇಲ್ಲಿಗೆ ಕರೆದು, ಎದುರಿಗೇ ತಿರುಗಿಸಿ ತೋರಿಸಿದೆ. ಈಗ ಕೆಳಗೆ ಅಜ್ಜಿಯ ಮನೆಯಲ್ಲಿ ಕೂತಿದ್ದಾರೆ. ಐದನೇ ಮಹಡಿಯವರು, ಒಂದನೆಯವರು, ಮಿಜಿದ್, ದಂಬಾ ಅವರು. ಅವರನ್ನು ಕೂರಿಸಿ ಬಂದು, ನಾನು ಬಾಗಿಲು ತೆರೆದಿಟ್ಟು ಒಬ್ಬಳೇ ಇಲ್ಲಿ. ಕದ್ದು ತಿರುಗಿಸಿದಳು ಅನ್ನಬಾರದಲ್ಲ.

10.45

ಕೆಳಗೆ ಮಾತು, ನಗು. ಯಾರೋ ತಮಾಷೆ ಮಾಡುತ್ತಿದ್ದಾರೆ. ಬೀಡುಕಬ್ಬಿಣ ಬೇಗ ಆರುವುದಿಲ್ಲ. ಅಜ್ಜಿ ಶಾಲು ಹೊದ್ದು ಪಕ್ಕೆಯ ಮೇಲೆ ಅಂಗೈ ಇಟ್ಟು ಕೂತಿದ್ದಾರೆ, ನಾನು ಬರುವಾಗ ಹಾಗೇ ಕೂತಿದ್ದರು.

ಹೆದರಿಕೆಯಾಗುತ್ತಿದೆ. ಸುಳ್ಳು ಹೇಳುವುದಿಲ್ಲ: ಬಿಸಿಯಾಗೇ ಉಳಿಯಲಿ ಅಂತ ಒಳಗೆ ಯಾರೋ ಬೇಡಿಕೊಳ್ಳುತ್ತಿದ್ದಾರೆ. ಆ ಯಾರೋ ನಾನೇ.

11.05

ನಗು ನಿಂತಿದೆ.

11.10

ಒಬ್ಬರು ಏನೋ ಕೇಳಿದರು, ಮಿಜಿದ್ ತಡವರಿಸಿದ. ಐದನೇ ಮಹಡಿಯ ಹುಡುಗಿಯ ದನಿ, ಗಟ್ಟಿಯಾಗುತ್ತಿರುವ ದನಿ. ನನ್ನ ಹೆಸರು ಬಂತು. ಈ ಸಲ ಟೀಚರ್ ಅನ್ನದೆ ಬರೀ ಹೆಸರು. ಸರಿ. ಹೀಗೇ ಆಗಬೇಕು.

ಯಾರೋ ಮೆಟ್ಟಿಲು ಹತ್ತುತ್ತಿದ್ದಾರೆ. ಒಬ್ಬರೇ. ನಿಧಾನ. ಎರಡು ತಿಂಗಳು ತಲೆಯ ಮೇಲೆ ಕೇಳಿಸಿಕೊಂಡ ಹೆಜ್ಜೆ, ಗುರುತು ಹತ್ತದೇ ಇರುತ್ತದೆಯೇ. ಅವರಿಗೆ ಮೊದಲು ಹೇಳಬೇಕಾದ ಮಾತು — ನಿಮಗೆ ನೆನಪಿಲ್ಲದ್ದು ನೀವು ಮಾಡಿದ್ದಲ್ಲ, ನೀವು ಮೊದಲ ದಿನ ಹೇಳಿದ್ದೇ ನಿಜ ದಂಬಾ ಅಣ್ಣ, ನೀವು